ಮುರುಡಯ್ಯನವರಿಗೆ ಹೂಂಗುಟ್ಟಿದ ಸಿನಿಮಾ

ನಮ್ಮ ಊರಿನಲ್ಲಿ ಒಬ್ಬರ ದನಿ ಒಂದು ಹೊತ್ತಿಗೆ ಒಂದೇ ಕಡೆ ಇರುತ್ತದೆ. ಫೋನಿನಲ್ಲಿ ಮಾತಾಡುವವನ ದನಿ ಆ ಕಡೆಯವನ ಕಿವಿಗೆ ಹೋಗಿಬಿಡುವುದರಿಂದ ಪಕ್ಕದಲ್ಲಿ ಕೂತವನಿಗೆ ತುಟಿಯಾಡುವುದಷ್ಟೇ ಕಾಣುತ್ತದೆ. ಮೊಬೈಲು ಬಂದ ಮೇಲೆ ಬೇರೆ ಊರುಗಳಲ್ಲಿ ಗಲಾಟೆ ಹೆಚ್ಚಿತಂತೆ. ನಮ್ಮಲ್ಲಿ ಬಸ್ಸುಗಳು ದೇವರಮನೆಯ ಹಾಗೆ ಶಾಂತವಾದವು. ಮಗುವಿನ ತೊದಲನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು ಯಾವಳೋ ಅತ್ತೆ ಮನೆಮಂದಿಗೆಲ್ಲ ಕೇಳಿಸುತ್ತ ಕೂತರೆ, ಅಷ್ಟು ಹೊತ್ತೂ ಮಗು ತೊಟ್ಟಿಲಲ್ಲಿ ಬಾಯಿ ಅಗಲಿಸಿ ಅಳುತ್ತದೆ, ಸದ್ದಿರುವುದಿಲ್ಲ. ಆದ್ದರಿಂದ ಮರ್ಯಾದಸ್ಥರು ಯಾರ ದನಿಯನ್ನೂ ಅವರ ಒಪ್ಪಿಗೆ ಕೇಳದೆ ಹಿಡಿಯುವುದಿಲ್ಲ. ಹೊರಗೆ ಹೋದ ದನಿ ಗಂಟಲಿಗೆ ವಾಪಸು ಬರಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಬೇಕು.

ನನ್ನಂಥವನಿಗೆ ಇದು ಹೇಳಿ ಮಾಡಿಸಿದ ಊರು, ಅಥವಾ ಹೇಳದಂತೆ ಮಾಡಿಸಿದ ಊರು. ಕಾಲೇಜಿನಲ್ಲಿ ನಾನು ಓದಿದ್ದು ತರ್ಕಶಾಸ್ತ್ರ, ಕಲಿತದ್ದು ಮಿಮಿಕ್ರಿ. ಅರೆಬರೆ ಅನುಕರಣೆಗೆ ಯಾರ ಗಂಟಲೂ ಒಣಗುವುದಿಲ್ಲ. ಹುಬೇಹೂಬು ಬರಬೇಕು, ಆಗಷ್ಟೇ ಅವರ ದನಿ ನಮ್ಮ ಬಾಯಿಗೆ ಬರುತ್ತದೆ. ನನಗೆ ಬರುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತು ಇತಿಹಾಸದ ಮೇಷ್ಟರ ದನಿ ತೆಗೆದರೆ, ಮುಂದೆ ಅವರು ಯಾವುದೋ ರಾಜನನ್ನು ಅರ್ಧ ಪಟ್ಟಕ್ಕೇರಿಸಿ ಹಾಗೇ ನಿಂತುಬಿಡುತ್ತಿದ್ದರು. ಈಗ ಟ್ಯುಟೋರಿಯಲ್ಲಿನಲ್ಲಿ ಪಾಠ ಹೇಳುತ್ತೇನೆ. ನನ್ನ ದನಿಯಲ್ಲೇ.

ನಮ್ಮದು ಮಾರ್ಕೆಟ್ಟಿನ ಹಿಂದಿನ ಓಣಿ. ಓಣಿಯ ಕೊನೆಗೆ, ನಿಂತುಹೋದ ಎಣ್ಣೆ ಮಿಲ್ಲಿನ ಶೆಡ್ಡಿನಲ್ಲಿ, ಅಂಬುಜಕ್ಕ ಸಿನಿಮಾ ಮಾಡುತ್ತಿದ್ದಳು. ಅವಳ ಸಿನಿಮಾಗಳಲ್ಲಿ ಹೀರೋ ಇರುತ್ತಿರಲಿಲ್ಲ, ಕಥೆ ಇರುತ್ತಿರಲಿಲ್ಲ, ಕೆಲವು ಸಲ ಕ್ಯಾಮೆರಾವೂ ಇರುತ್ತಿರಲಿಲ್ಲ. ಕಪ್ಪು ಫಿಲ್ಮಿನ ಮೇಲೆ ಸೂಜಿಯಿಂದ ಗೀರುತ್ತ ಕೂರುತ್ತಿದ್ದಳು, ಅದನ್ನು ಓಡಿಸಿದರೆ ತೆರೆಯ ಮೇಲೆ ಬಿಳಿ ಗೀರುಗಳು ಜಿರಳೆಗಳ ಹಾಗೆ ಓಡಾಡುತ್ತಿದ್ದವು. ಈರುಳ್ಳಿ ಸಿಪ್ಪೆ ಅಂಟಿಸಿದ್ದೂ ಒಂದಿತ್ತು. ‘ಒಣಗುವುದು’ ಎಂಬ ಅವಳ ಮೊದಲ ಸಿನಿಮಾದಲ್ಲಿ ತಂತಿಯ ಮೇಲೆ ಹಾಕಿದ ಒದ್ದೆ ಬೆಡ್‌ಶೀಟೊಂದು ಒಣಗುತ್ತದೆ. ಪೂರ್ತಿ ಒಣಗುವವರೆಗೂ. ನಮ್ಮ ಓಣಿಯವರು ಅದನ್ನು ಕಣ್ಣು ಮಿಟುಕಿಸದೆ ನೋಡಿದರು. ಮುಗಿದ ಮೇಲೆ ಬಳೆ ಮಾರುವ ಹುಸೇನಬಿ, “ಹಿಂಡೋಕೇ ಬರಲ್ಲ ಯಾರಿಗೋ. ಸರಿಯಾಗಿ ಹಿಂಡಿದ್ರೆ ಇಂಟರ್‌ವಲ್ಲಿಗೇ ಒಣಗ್ತಿತ್ತು” ಅಂದಳು. ಅಂಬುಜಕ್ಕ ಅದನ್ನು ತನ್ನ ಜೀವನದ ಅತ್ಯುತ್ತಮ ವಿಮರ್ಶೆ ಎಂದು ಬಹಳ ದಿನ ಹೇಳಿಕೊಂಡು ತಿರುಗಿದಳು.

ನಾನು ಮಾತ್ರ, ಓದಿದವನಲ್ಲವೇ, “ಅರ್ಥ ಏನಕ್ಕಾ?” ಅಂತ ಕೇಳುತ್ತಿದ್ದೆ.

“ಅರ್ಥ ಬೇಕಿದ್ರೆ ನಿಘಂಟು ನೋಡು ಯೋಗಿ. ಸಿನಿಮಾಕ್ಕೆ ಯಾಕೆ ಬರ್ತೀಯಾ?”

ಹೊರಗಿನವರಿಗೆ ಟಾಕೀಸು ಇತ್ತು, ನಮಗೆ ಅವಳ ಮೂಕೀಸು. ಮಾತಿನ ಚಿತ್ರ ಮಾಡಿದರೆ ಅದು ಓಡುವಷ್ಟು ಹೊತ್ತೂ ನಟಿಸಿದವರು ಮೂಗರಾಗಬೇಕು; ಹಾಗೆ ದನಿ ಕೊಡುವವರು ಯಾರು? ಆದರೆ ಐವತ್ತು ದಾಟಿದ ಮೇಲೆ ಅಂಬುಜಕ್ಕನಿಗೆ ಸದ್ದಿನ ಹುಚ್ಚು ಹತ್ತಿತು.

“ಮಾತಲ್ಲ ಕಣೋ,” ಅಂದಳು. “ಮಾತು ಯಾರು ಬೇಕಾದ್ರೂ ಹಿಡೀತಾರೆ. ಕೇಳಿಸಿಕೊಳ್ಳೋದಕ್ಕೂ ಒಂದು ಸದ್ದಿದೆ. ನಂಗೆ ಅದು ಬೇಕು.”

ಅವಳಿಗೆ ಬೇಕಾಗಿದ್ದದ್ದು ‘ಹೂಂ’. ಕಥೆ ಹೇಳುವಾಗ ಕೇಳುವವರು ನಡುನಡುವೆ ಅನ್ನುತ್ತಾರಲ್ಲ, ಅದು. ಓಣಿಯ ಒಬ್ಬೊಬ್ಬರನ್ನೇ ಶೆಡ್ಡಿಗೆ ಕರೆಸಿ, ಎದುರಿಗೆ ನನ್ನನ್ನು ಕೂರಿಸಿ, “ಏನಾದ್ರೂ ಕಥೆ ಹೇಳ್ತಾ ಹೋಗು” ಅಂದಳು. ನಾನು ಹೇಳಿದೆ. ಅವರು ಹೂಂಗುಟ್ಟಿದರು. ಅವಳು ಹಿಡಿದಳು. ಒಬ್ಬೊಬ್ಬರ ಹೂಂ ಒಂದೊಂದು ಬಗೆ ಎಂದು ನನಗೆ ಅವತ್ತೇ ತಿಳಿದದ್ದು. ಹುಸೇನಬಿಯದು ಬಳೆಯ ಹಾಗೆ ಒಂದು ಸುತ್ತು ಸುತ್ತಿ ಬರುತ್ತದೆ. ನಿವೃತ್ತ ಡ್ರಿಲ್ ಮೇಷ್ಟ್ರು ಪರಮೇಶಿಯವರದು ‘ಹುಂ’, ಕಾಲು ಅಪ್ಪಳಿಸಿದಂತೆ. ಸೊಪ್ಪು ಮಾರುವ ಗಿರಿಜಮ್ಮ ಕಥೆ ಮುಂದಕ್ಕೆ ಹೋಗುವ ಮುಂಚೆಯೇ ಹೂಂ ಅಂದುಬಿಡುತ್ತಾಳೆ. ಕೊನೆಗೆ ನನ್ನದನ್ನೂ ಹಿಡಿದಳು. ಚಿತ್ರದಲ್ಲಿ ಇದ್ದದ್ದು ಕಿವಿಗಳು ಮಾತ್ರ, ತೆರೆಯ ತುಂಬ ಒಂದೊಂದೇ ಕಿವಿ. ಸದ್ದು ಫಿಲ್ಮಿನ ಒಂದು ಬದಿಗೆ ಸೀರೆಯ ಅಂಚಿನಂತೆ ಸಣ್ಣ ಅಲೆಗೆರೆಯಾಗಿ ಇರುತ್ತದೆ. ಎಲ್ಲರ ಹೂಂಗಳನ್ನೂ ಒಂದರ ಮೇಲೊಂದು ಹಾಸಿ ಒಂದೇ ದೊಡ್ಡ ಹೂಂ ಮಾಡಿ, ಫಿಲ್ಮಿನ ತಲೆಗೆ ಬಾಲ ಅಂಟಿಸಿ ಉಂಗುರದಂತೆ ಓಡಿಸುವುದು ಅವಳ ಯೋಚನೆ. ಮೊದಲಿಲ್ಲ, ಕೊನೆಯಿಲ್ಲ, ಸುತ್ತಿಗೊಂದು ಹೂಂ. ಕಿವಿಗಳು, ಹೂಂ, ಕಿವಿಗಳು, ಹೂಂ.

ಫಿಲ್ಮು ಕೊಡಿಸಿದ್ದು, ಹೊರಗಿನ ಊರಿನ ಲ್ಯಾಬಿಗೆ ಕಳಿಸಿ ತೊಳೆಸಿದ್ದು ಊರಿನ ಅಧ್ಯಕ್ಷ ಮುರುಡಯ್ಯನವರು. ಅಧ್ಯಕ್ಷರಿಗೆ ಕಲೆಯ ಮೇಲೆ ಯಾಕೆ ಪ್ರೀತಿ ಬಂತೋ ಎಂದು ನಾವು ಆಡಿಕೊಂಡೆವು. ಅಂಗಿಯ ಮೇಲಿನ ಕಲೆ ಬಿಟ್ಟು ಬೇರೆ ಕಲೆ ಗೊತ್ತಿದ್ದವರಲ್ಲ ಅವರು. ನಮ್ಮ ಓಣಿಗೂ ಅವರಿಗೂ ಹಳೆಯ ವ್ಯಾಜ್ಯವಿತ್ತು. ಓಣಿಯನ್ನು ತೆರವು ಮಾಡಿ ಅಲ್ಲಿ ಬಸ್ ಸ್ಟ್ಯಾಂಡ್ ಕಟ್ಟಿಸಬೇಕೆಂಬುದು ಅವರ ಹಟ. ಊರಿನ ಸಭೆಯಲ್ಲಿ ಏನೇ ತೀರ್ಮಾನವಾಗಬೇಕಿದ್ದರೂ ಅದು ಧ್ವನಿಮತದಿಂದ; ಅಧ್ಯಕ್ಷರು ಮೂರು ಸಲ ಕೇಳುತ್ತಾರೆ, ಮೂರನೆಯ ಸಲ ಬಂದ ಉತ್ತರವೇ ಉತ್ತರ. ಕೈ ಎತ್ತಿದರೆ ನಡೆಯುವುದಿಲ್ಲ, ಕೈ ಎತ್ತಿದವರನ್ನು ಕೈಚೆಲ್ಲಿದವರು ಎಂದೇ ಹಿಡಿಯುತ್ತಾರೆ. ಹಿಂದೆ ಎರಡು ಸಲ ಈ ಮಾತು ಸಭೆಗೆ ಬಂದಿತ್ತು, ಎರಡು ಸಲವೂ ನಮ್ಮ ಓಣಿ ಸೋಲಿಸಿತ್ತು. ಬೀದಿ ಬೀದಿ ಕೂಗಿ ಬಳೆ, ಸೊಪ್ಪು, ಪಾತ್ರೆ ಮಾರುವವರ ಗಂಟಲುಗಳು. ನಾವು ಉಹೂಂ ಅಂದರೆ ಸಭಾಭವನದ ಹೆಂಚು ಅಲುಗುತ್ತಿತ್ತು.

ಮೂರನೆಯ ಸಲ ಆ ಮಾತು ಬರಲಿದ್ದ ಸಭೆಗೆ ಎರಡು ದಿನ ಇರುವಾಗ ಮುರುಡಯ್ಯನವರು ಶೆಡ್ಡಿಗೆ ಬಂದರು. ನಾನು ಅಲ್ಲೇ ಇದ್ದೆ.

“ಮೇಡಂ, ಲ್ಯಾಬಿಂದ ನಿಮ್ಮ ರೀಲು ಬಂದಿದೆ. ಕಚೇರಿ ಬೀರುವಿನಲ್ಲಿ ಭದ್ರವಾಗಿಟ್ಟಿದೀನಿ. ಸಭೆ ದಿನ ಇಡೀ ಊರು ಸೇರುತ್ತಲ್ಲ, ಅವತ್ತೇ ತೋರಿಸಿಬಿಡೋಣ.”

ಅಂಬುಜಕ್ಕನ ಮುಖ ಅರಳಿತು. ಅವಳ ಸಿನಿಮಾಕ್ಕೆ ಓಣಿಯವರನ್ನು ಬಿಟ್ಟು ಬೇರೆ ನರಪಿಳ್ಳೆ ಬಂದದ್ದಿಲ್ಲ.

“ಒಂದೇ ವಿಷಯ,” ಅಂದರು ಮುರುಡಯ್ಯನವರು. “ನಾನು ಕೈ ಎತ್ತಿದಾಗ ಶುರುಮಾಡಿ. ಕೈ ಇಳಿಸೋವರೆಗೂ ನಿಲ್ಲಿಸಬೇಡಿ. ನಿಮಗೆ ಆಗಲ್ಲ ಅಂದ್ರೆ ಹೇಳಿ, ಹೊರಗಿಂದ ಆಪರೇಟರನ್ನ ಕರೆಸ್ತೀನಿ.”

ಅವರು ಹೋದ ಮೇಲೆ ನಾನು ಕೇಳಿದೆ, “ಅಕ್ಕಾ, ಆ ರೀಲು ಓಡೋವಾಗ ನಮ್ಮ ಓಣಿಯವರ ಗಂಟಲೆಲ್ಲ ಎಲ್ಲಿರುತ್ತೆ?”

“ರೀಲಲ್ಲಿ.”

“ಓಣಿ ತೆರವಿಗೆ ಒಪ್ಪಿಗೆಯೇ ಅಂತ ಅವರು ಕೇಳ್ತಾರೆ. ನಿನ್ನ ರೀಲು ಏನನ್ನುತ್ತೆ?”

ಅಂಬುಜಕ್ಕ ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಡಲು ಜಾಗ ಹುಡುಕತೊಡಗಿದಳು.

ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಸಭೆಗೆ ಹೋಗುವುದೇ ಬೇಡ ಅಂದ ಡ್ರಿಲ್ ಮೇಷ್ಟ್ರಿಗೆ ಹುಸೇನಬಿ, “ನಾವು ಹೋಗ್ದಿದ್ರೂ ನಮ್ಮ ದನಿ ಹೋಗುತ್ತಲ್ಲ ಮೇಷ್ಟ್ರೇ. ಅದನ್ನೊಂದೇ ಹೆಂಗೆ ಕಳ್ಸೋದು, ಜೊತೆಗೆ ನಾವೂ ಹೋಗೋಣ” ಅಂದಳು. ಅಂಬುಜಕ್ಕನನ್ನು ಯಾರೂ ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತೆಂದು ಕಾಣುತ್ತದೆ.

ನನಗೆ ಹೊಳೆದದ್ದು ಒಂದು ಅಕ್ಷರ. ಓಡಿಹೋಗಿ ಅವಳಿಗೆ ಹೇಳಿದೆ. “ಅಕ್ಕಾ, ಹೂಂಗೆ ಮುಂಚೆ ಒಂದು ಉ ಸೇರಿಸಿಬಿಡು. ಉಹೂಂ ಆಗುತ್ತೆ. ಅವರ ರೀಲಿನಿಂದಲೇ ಅವರಿಗೆ ಮಂಗಳಾರತಿ.”

“ರೀಲು ನನ್ನ ಕೈಲಿಲ್ಲ. ಇದ್ದರೂ ಸೇರಿಸಲ್ಲ.”

“ಯಾಕೆ?”

“ಅದು ಕೇಳಿಸಿಕೊಳ್ಳೋ ಸಿನಿಮಾ ಯೋಗಿ. ಉತ್ತರ ಕೊಡೋ ಸಿನಿಮಾ ಅಲ್ಲ. ಉ ಹಾಕಿದ್ರೆ ಅದಕ್ಕೆ ಅರ್ಥ ಬಂದುಬಿಡುತ್ತೆ.”

“ಅರ್ಥ ಬಂದ್ರೆ ಬರ್ಲಿ, ಮನೆ ಉಳಿಯುತ್ತೆ. ಈ ಶೆಡ್ಡೂ ಉಳಿಯುತ್ತೆ.”

“ಮನೆ ಉಳಿಸೋಕೆ ಹಾಕೋದು ಬೇಲಿ. ನಾನು ಬೇಲಿ ಹಾಕೋಳಲ್ಲ. ಹೋಗು ಈಗ.” ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತು, ಜನ್ಮದಲ್ಲಿ ಮೊದಲ ಬಾರಿಗೆ, ಅವಳನ್ನು ಅವಳದೇ ದನಿಯಲ್ಲಿ ಬೈದೆ. ಒಳಗಿನಿಂದ ಏನೂ ಕೇಳಿಸಲಿಲ್ಲ. ಕೇಳಿಸುವಂತೆಯೂ ಇರಲಿಲ್ಲ.

ಉಳಿದದ್ದು ನನ್ನ ಮಿಮಿಕ್ರಿ. ಅಧ್ಯಕ್ಷರು ಪ್ರಶ್ನೆ ಕೇಳುವ ಮುಂಚೆಯೇ ಅವರ ದನಿ ತೆಗೆದುಬಿಟ್ಟರೆ? ಸಭೆಯಲ್ಲಿ ಇನ್ನೊಬ್ಬರ ದನಿ ತೆಗೆದವರನ್ನು ಊರಿನಿಂದ ಹೊರಗೆ ಹಾಕುತ್ತಾರೆ. ಹಾಕಲಿ. ಎರಡು ರಾತ್ರಿ, ಅವರು ಮಲಗಿದ ಮೇಲೆ, ಗಂಟಲು ಕಟ್ಟುವಷ್ಟು ಅಭ್ಯಾಸ ಮಾಡಿದೆ. ಕಫ ಕಟ್ಟಿದ ನಗಾರಿಯಂಥ ದನಿ ಅವರದು. ‘ಮಹಾಜನಗಳೇ’ ಅನ್ನುವಾಗ ‘ಜ’ದ ಮೇಲೆ ಸ್ವಲ್ಪ ಕೂರುತ್ತಾರೆ.

ಸಭೆ ಮಧ್ಯಾಹ್ನ. ಸಭಾಭವನದ ಕಿಟಕಿಗಳಿಗೆ ಟಾರ್ಪಾಲು ಕಟ್ಟಿ ಕತ್ತಲು ಮಾಡಿದ್ದರು. ನಡುವೆ ಮೇಜಿನ ಮೇಲೆ ಪ್ರೊಜೆಕ್ಟರು, ಪಕ್ಕದಲ್ಲಿ ಅಂಬುಜಕ್ಕ. ಫಿಲ್ಮಿನ ಉಂಗುರ ದೊಡ್ಡದಿದ್ದುದರಿಂದ ಅದನ್ನು ತೊಲೆಯ ಕೊಕ್ಕೆಗೆ ಏರಿಸಿ ಇಳಿಬಿಟ್ಟಿದ್ದಳು. ಅದು ಅವಳ ಎದೆಯ ಮಟ್ಟಕ್ಕೆ ತೂಗುತ್ತಿತ್ತು. ವೇದಿಕೆಯಲ್ಲಿ ಮುರುಡಯ್ಯನವರು ಎದ್ದು ನಿಂತರು. ನಾನು ಉಸಿರೆಳೆದುಕೊಂಡು ‘ಮಹಾ’ ಎಂದು ಶುರುಮಾಡುವಷ್ಟರಲ್ಲಿ ಅವರು ಏನೂ ಮಾತಾಡದೆ ಸುಮ್ಮನೆ ಕೈ ಎತ್ತಿದರು.

ಪ್ರೊಜೆಕ್ಟರು ಕರಕರ ಅಂದಿತು. ತೆರೆಯ ಮೇಲೆ ಹುಸೇನಬಿಯ ಕಿವಿ ಮೂಡಿತು, ಓಲೆಯ ತೂತು ಬಾವಿಯಷ್ಟು ದೊಡ್ಡದಾಗಿ.

“ಹೂಂ.”

ನನ್ನ ಗಂಟಲು ಬೂದಿಯಾಯಿತು. ಅಕ್ಕಪಕ್ಕದಲ್ಲೆಲ್ಲ ಜನ ಕತ್ತು ಹಿಡಿದುಕೊಂಡರು. ಓಣಿಯವರನ್ನು ಬಿಟ್ಟು ಉಳಿದ ಊರು ನಮ್ಮನ್ನೂ ತೆರೆಯನ್ನೂ ನೋಡುತ್ತ ಕೂತಿತ್ತು; ಅವರ ಮನೆಗಳೇನೂ ಹೋಗುವುದಿಲ್ಲವಲ್ಲ.

“ಮಹಾಜನಗಳೇ,” ಅಂದರು ಮುರುಡಯ್ಯನವರು. “ಹಿಂದಿನ ಓಣಿ ತೆರವು ಮಾಡಿ ಬಸ್ ಸ್ಟ್ಯಾಂಡ್ ಕಟ್ಟೋದಕ್ಕೆ ಒಪ್ಪಿಗೆಯೇ? ಮೊದಲನೇ ಸಲ ಕೇಳ್ತಿದೀನಿ.”

ಕಿವಿಗಳು ಒಂದೊಂದಾಗಿ ಹಾದುಹೋಗಿ ಸುತ್ತು ಮತ್ತೆ ಹುಸೇನಬಿಯ ಕಿವಿಗೆ ಬಂತು. “ಹೂಂ.”

ಹುಸೇನಬಿ ನನ್ನ ಮಣಿಕಟ್ಟು ಹಿಡಿದಳು. ಉಗುರು ಒತ್ತಿ ನೋಯುತ್ತಿತ್ತು. ಮೇಷ್ಟ್ರು ಎದ್ದು ನಿಂತು ಎರಡೂ ಕೈ ಆಡಿಸಿ ಬೇಡ ಬೇಡ ಅಂದರು. ಯಾರೋ ಹಿಂದಿನಿಂದ ಕೂರಿಸಿದರು.

“ಎರಡನೇ ಸಲ. ಒಪ್ಪಿಗೆಯೇ?”

“ಹೂಂ.”

ಇನ್ನೊಂದು ಸಲ ಕೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಮುರುಡಯ್ಯನವರು ಕೇಳಲೆಂದೇ ಬಾಯಿ ತೆರೆದರು. ಆದರೆ ಗೆಲುವಿನ ಖುಷಿಗೋ ಏನೋ ನಡುವೆ ಒಂದು ಮಾತು ತುರುಕಿದರು. “ಬಸ್ ಸ್ಟ್ಯಾಂಡ್ ನನಗೋಸ್ಕರ ಅಲ್ಲ ನೋಡಿ.”

“ಹೂಂ,” ಅಂದಿತು ಸಿನಿಮಾ.

ಅವರು ತಡೆದು ನಿಂತರು. ತೆರೆಯ ಕಡೆ ತಿರುಗಿ ನೋಡಿದರು. ಇಷ್ಟು ವರ್ಷ ಭಾಷಣ ಮಾಡಿದ್ದಾರೆ. ಜನ ಆಕಳಿಸಿದ್ದಾರೆ, ಚಪ್ಪಾಳೆ ತಟ್ಟಿದ್ದಾರೆ, ಎದ್ದು ಹೋಗಿದ್ದಾರೆ. ಹೂಂಗುಟ್ಟಿದವರು ಯಾರೂ ಇಲ್ಲ. ಮನೆಯಲ್ಲಿ ಹೆಂಡತಿ ಸದಾ ಫೋನಿನಲ್ಲಿ, ಅಂದರೆ ಸದಾ ಮೂಕ.

“ನಾನು ಚಿಕ್ಕವನಿದ್ದಾಗ,” ಅಂದರು, ದನಿ ತಗ್ಗಿಸಿ, “ನಮ್ಮಪ್ಪ ನನ್ನನ್ನ ಒಂದು ಹುಣಸೆ ಮರದ ಕೆಳಗೆ ನಿಲ್ಲಿಸಿದ್ರು.”

“ಹೂಂ.”

“ಬಸ್ ಬಂದ್ರೆ ಹತ್ತಬೇಡ, ನಾನು ಬರ್ತೀನಿ ಅಂತ ಹೇಳಿ ಹೋದ್ರು.”

“ಹೂಂ.”

ಎತ್ತಿದ ಕೈ ಎತ್ತಿದಂತೆಯೇ ಇತ್ತು, ಅವರಿಗೆ ಅದು ಮರೆತೇಹೋಗಿತ್ತು. ನಾನು ತಿರುಗಿ ಅಂಬುಜಕ್ಕನನ್ನು ನೋಡಿದೆ. ಅವಳು ಬಗ್ಗಿದ್ದಳು. ಕೊಕ್ಕೆಯಿಂದ ಇಳಿದು ಬರುತ್ತಿದ್ದ ಫಿಲ್ಮನ್ನು ಎಡಗೈಯ ಎರಡು ಬೆರಳ ನಡುವೆ ಹಾಯಿಸುತ್ತಿದ್ದಳು. ಬಲಗೈಯಲ್ಲಿ ಸೂಜಿ.

“ಒಂದು ಬಸ್ ಬಂತು. ಹತ್ತಲಿಲ್ಲ.”

“ಟಕ್. ಹೂಂ.”

ಪ್ರೊಜೆಕ್ಟರಿನ ಸದ್ದಿರಬೇಕು ಅಂದುಕೊಂಡರು ಜನ. ನನಗೆ ಗೊತ್ತಾಯಿತು. ಹೂಂ ಇರುವ ಕಡೆ ಅಂಚಿನ ಅಲೆ ಹೇಗಿದೆಯೋ ಅದನ್ನೇ ನೋಡಿಕೊಂಡು, ಅದಕ್ಕಿಂತ ಮುಂಚಿನ ಕಪ್ಪಿನಲ್ಲಿ ಅವಳು ಹೊಸ ಅಲೆ ಗೀರುತ್ತಿದ್ದಳು, ಓಡುವ ಫಿಲ್ಮಿನ ಮೇಲೆ, ಸುತ್ತು ಬಂದಾಗಲೆಲ್ಲ ಒಂದೊಂದು ಗೀರು. ನಾನು ಗಂಟಲಿನಲ್ಲಿ ಮಾಡುವ ಮಿಮಿಕ್ರಿಯನ್ನು ಅವಳು ಸೂಜಿಯಲ್ಲಿ ಮಾಡುತ್ತಿದ್ದಳು. ಫಿಲ್ಮಿನ ಅಂಚು ಅವಳ ಬೆರಳನ್ನು ಕೊಯ್ಯುತ್ತಿತ್ತು, ತೆರೆಯ ಮೇಲಿನ ಕಿವಿಗಳಿಗೆ ಕೆಂಪು ಹನಿಗಳು ಹತ್ತತೊಡಗಿದವು.

“ಎರಡನೇ ಬಸ್ಸೂ ಹೋಯ್ತು.”

“ಕ್ರ್... ಹೂಂ.”

“ಬಿಸಿಲು. ನೆರಳು ಆ ಕಡೆ ಸರಿದ ಹಾಗೆ ನಾನೂ ಸರೀತಾ ಇದ್ದೆ. ಕೂರೋಕೆ ಒಂದು ಕಲ್ಲು ಇರಲಿಲ್ಲ ಅಲ್ಲಿ.”

“ಅ... ಹೂಂ.”

ಹತ್ತಿರ ಬಂದಿತ್ತು. ಆದರೆ ಉ ಅಲ್ಲ. ಮುರುಡಯ್ಯನವರ ಕಥೆ ಎಲ್ಲಿ ಮುಗಿದುಹೋಗುತ್ತದೋ ಎಂದು ನನಗೆ ಪ್ರಾಣವೇ ಹೋಗುವಂತಾಯಿತು. ಮುಂದುವರಿಸಿ ಸ್ವಾಮಿ, ಇನ್ನೊಂದು ಬಸ್ಸು ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ದನಿಯಿದ್ದಿದ್ದರೆ ನಾನೇ ಹೂಂ ಅನ್ನುತ್ತಿದ್ದೆನೇನೋ.

ಅವರು ಇನ್ನೊಂದು ಕೈಯಿಂದ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಅಪ್ಪ ಬಂದ್ರು ಅಂತೀರಾ?”

“ಉಹೂಂ,” ಅಂದಿತು ಸಿನಿಮಾ.

ಓಣಿಯ ನಲವತ್ತು ಗಂಟಲುಗಳ ಹೂಂ, ಅದರ ಮುಂದೆ ಯಾರದೂ ಅಲ್ಲದ ಒಂದು ಉ. ಹುಸೇನಬಿಯ ಹಿಡಿತ ಸಡಿಲವಾಯಿತು. ಮುರುಡಯ್ಯನವರಿಗೆ ಅದು ಸಮಾಧಾನದ ಮಾತಿನಂತೆಯೇ ಕೇಳಿಸಿತು. “ಇಲ್ಲ, ಬರ್ಲಿಲ್ಲ,” ಎಂದು ತಲೆಯಾಡಿಸಿದರು. ಆಮೇಲೆ ತಾವು ಎಲ್ಲಿ ನಿಂತಿದ್ದೇವೆ, ಯಾಕೆ ನಿಂತಿದ್ದೇವೆ ಎಂದು ನೆನಪಾಗಿ ಮುಖ ಬಿಗಿದುಕೊಂಡರು.

“ಮೂರನೇ ಸಲ, ಕೊನೇ ಸಲ ಕೇಳ್ತಿದೀನಿ. ಓಣಿ ತೆರವಿಗೆ ಒಪ್ಪಿಗೆಯೇ?”

“ಉಹೂಂ.”

ಅವರು ತೆರೆಯನ್ನು ದಿಟ್ಟಿಸಿದರು. ಸುರುಳಿ ಇನ್ನೊಂದು ಸುತ್ತು ಬಂತು. “ಉಹೂಂ.” ಊರಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೀಲಿನ ದನಿಯೂ ಜನರ ದನಿಯೇ ಎಂದು ಆ ಬೆಳಿಗ್ಗೆ ಅವರಿಂದ ಮಾತು ತೆಗೆದುಕೊಂಡಿದ್ದವರು ಮುರುಡಯ್ಯನವರೇ. ಕೈ ನಿಧಾನವಾಗಿ ಇಳಿಯಿತು. ಅಂಬುಜಕ್ಕ ಪ್ರೊಜೆಕ್ಟರು ನಿಲ್ಲಿಸಿದಳು.

ಒಂದು ಲೋಟ ನೀರು ಕುಡಿಯುವಷ್ಟು ಹೊತ್ತಿಗೆ ಓಣಿಯವರಿಗೆ ದನಿ ವಾಪಸು ಬಂತು. ಮೆಟ್ಟಿಲಿಳಿಯುವಾಗ ಹುಸೇನಬಿ ತನ್ನ ಸೆರಗಿನಿಂದಲೇ ಅಂಬುಜಕ್ಕನ ಬೆರಳಿಗೆ ಕಟ್ಟು ಕಟ್ಟುತ್ತ, “ನಿಮ್ಮ ಸಿನಿಮಾ ಇದೇ ಮೊದಲನೇ ಸಲ ನಂಗೆ ಅರ್ಥ ಆಗಿದ್ದು ಅಂಬುಜಮ್ಮ” ಅಂದಳು. ಅಂಬುಜಕ್ಕ ಸಾವಿನ ಸುದ್ದಿ ಕೇಳಿದವಳಂತೆ ತಲೆ ತಗ್ಗಿಸಿದಳು.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. “ನೀನು ಬೇಲಿ ಹಾಕಲ್ಲ ಅಂದಿದ್ದೆ.”

“ಅವರು ಪ್ರಶ್ನೆ ಕೇಳಿದ ಕೂಡಲೇ ಅದಕ್ಕೆ ಅರ್ಥ ಬಂದುಬಿಟ್ಟಿತ್ತು ಕಣೋ. ಕೆಟ್ಟ ಅರ್ಥ. ಹೆಂಗೂ ಕೆಟ್ಟಿತ್ತು, ನಾನು ಇನ್ನೊಂದು ಥರ ಕೆಡಿಸಿದೆ.” ಕೊರಳಿಗೆ ಹಾಕಿಕೊಂಡಿದ್ದ ಫಿಲ್ಮಿನ ಉಂಗುರವನ್ನು ಮುಟ್ಟಿ ನೋಡಿಕೊಂಡಳು. “ಅದಕ್ಕಿಂತ ಮುಂಚೆ ಒಂದೇ ಒಂದು ಸಲ ಚೆನ್ನಾಗಿ ಓಡ್ತು, ನೋಡಿದೆಯಾ. ಮೊದಲನೇ ಹೂಂ. ಯಾರೂ ಏನೂ ಕೇಳಿರ್ಲಿ‍ಲ್ಲ ಆಗ.”

ಮರುದಿನ ಬೆಳಿಗ್ಗೆ ಮುರುಡಯ್ಯನವರು ಒಬ್ಬರೇ ಶೆಡ್ಡಿಗೆ ಬಂದರು. ಜಗಳಕ್ಕೆ ಬಂದಿದ್ದಾರೆಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಅವರು ನನ್ನನ್ನು ನೋಡಲೇ ಇಲ್ಲ.

“ಮೇಡಂ, ಆ ರೀಲು ನನಗೆ ಬೇಕು. ಉ ಕತ್ತರಿಸಿ ಕೊಡಿ. ಸಭೆಗಲ್ಲ, ಇನ್ನು ಆ ಮಾತು ಎತ್ತಲ್ಲ. ಮನೇಲಿ ಹಾಕ್ಕೊಳ್ಳೋಕೆ.”

“ಅದು ಓಡಿದ್ರೆ ಓಣಿಯವರ ಬಾಯಿ ಕಟ್ಟುತ್ತೆ. ಗೊತ್ತಲ್ಲ?”

“ಗೊತ್ತು. ಸಂಜೆ ಸ್ವಲ್ಪ ಹೊತ್ತು, ಅಷ್ಟೇ.” ಸಕ್ಕರೆ ಕಡ ಕೇಳುವವರಂತೆ ಹೇಳಿದರು. ನನಗೆ ಸಭೆಯಲ್ಲಿ ಆದದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಅಂಬುಜಕ್ಕ ಕಟ್ಟು ಕಟ್ಟಿದ ಬೆರಳಿನಿಂದಲೇ ಕ್ಯಾಮೆರಾವನ್ನು ಎಳೆದು, ಅವರ ಕಿವಿಯ ನೇರಕ್ಕೆ ನಿಲ್ಲಿಸಿದಳು. “ಕೂತ್ಕೊಳ್ಳಿ. ಕಥೆ ಅರ್ಧಕ್ಕೇ ನಿಂತಿತ್ತಲ್ಲ. ಹೇಳಿ.”

“ರೀಲು ಹಾಕಿ.”

“ಇಲ್ಲ. ಹಾಗೇ ಹೇಳಿ.”

ಅವರು ಗೋಡೆಯ ಮೊಳೆಗೆ ತೂಗುಬಿದ್ದಿದ್ದ ಉಂಗುರವನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು. ಬಾಗಿಲಲ್ಲಿ ಹುಸೇನಬಿ, ಬಳೆಯ ಮಲಾರ ಹೆಗಲ ಮೇಲೆ. ಯಾವಾಗ ಬಂದಳೋ.

“ಕೊನೇ ಬಸ್ಸು ಬಂತು,” ಅಂದರು ಮುರುಡಯ್ಯನವರು, ನೆಲ ನೋಡುತ್ತ. ನಿಲ್ಲಿಸಿದರು. ಕಾದರು. ಕ್ಯಾಮೆರಾ ಓಡುತ್ತಿತ್ತು. ನಾನು ತುಟಿ ಬಿಗಿಹಿಡಿದುಕೊಂಡೆ. ಅಂಬುಜಕ್ಕ ಕಣ್ಣನ್ನು ಕ್ಯಾಮೆರಾದಿಂದ ತೆಗೆಯಲಿಲ್ಲ.

“ಹೂಂ,” ಅಂದಳು ಹುಸೇನಬಿ. “ಆಮೇಲೆ? ಬೇಗ ಹೇಳಿ ಸಾಮಿ, ನಂಗೆ ಮಾರ್ಕೆಟ್ಟಿಗೆ ಹೊತ್ತಾಯ್ತು.”

ರೀಲಲ್ಲ, ಎದುರಿಗೇ ನಿಂತ ಮನುಷ್ಯಳೊಬ್ಬಳು ಹೂಂ ಅಂದದ್ದಕ್ಕೆ ಮುರುಡಯ್ಯನವರು ತಲೆಯೆತ್ತಿ ಬಾಯಿ ತೆರೆದರು. ತುಟಿ ಆಡಿತು, ಸದ್ದು ಬರಲಿಲ್ಲ. ಇನ್ನೊಮ್ಮೆ ಆಡಿತು. ಅವರ ದನಿಯನ್ನು ಆಗ ಯಾರೂ ತೆಗೆದಿರಲಿಲ್ಲ, ನಾನಂತೂ ತೆಗೆದಿರಲಿಲ್ಲ.